ಉಸಿರಿರೋ ತನಕದ ಗುಟ್ಟು

ಸಾರಿನಪುಡಿ ಕಾರ್ಖಾನೆಯ ತುಂಗಮ್ಮ ಕೆಲಸ ಬಿಡುವ ದಿನ ಸಾಹುಕಾರ ವೀರಭದ್ರಪ್ಪ ಕರಾರುಪತ್ರ ಮುಂದಿಟ್ಟರು. "ನಮ್ಮ ಪುಡಿಯ ಅಳತೆ ಯಾರಿಗೂ ಹೇಳಕೂಡದು."

"ಆರು ತಿಂಗಳು ಸಾಕಲ್ವಾ, ಸಾಹುಕಾರ್ರೇ?"

"ಉಸಿರಿರೋ ತನಕ."

ತುಂಗಮ್ಮ ಸಹಿ ಹಾಕಿದಳು. ಇಪ್ಪತ್ತು ವರ್ಷ ಅವಳು ಅಳೆದದ್ದು ಬರೀ ಕೈಯಳತೆಯಲ್ಲಿ. ಆ ಅಳತೆ ತಮಗೂ ಗೊತ್ತಿಲ್ಲ ಅನ್ನೋದು ಸಾಹುಕಾರರಿಗೆ ಹೊಳೆಯಲೇ ಇಲ್ಲ.

ಅವಳು ಮಾಡಿಟ್ಟ ಪುಡಿ ಏಳನೇ ತಿಂಗಳಿಗೆ ಮುಗಿಯಿತು. ಹೊಸಬರು ಮಾಡಿದ್ದು ಬಾಯಿಗಿಡೋ ಹಾಗಿರಲಿಲ್ಲ. ಸಾಹುಕಾರರು ಅವಳ ಮನೆಗೇ ಬಂದರು. "ಅಳತೆ ಹೇಳು ತುಂಗಮ್ಮ."

"ಯಾರಿಗೂ ಅಂದ್ಮೇಲೆ ನೀವೂ ಸೇರಿದ್ರಲ್ಲ. ಆರು ತಿಂಗಳು ಅಂತ ಬರೆಸಿದ್ರೆ ಇವತ್ತು ಹೇಳ್ತಿದ್ದೆ."

ಸಾಹುಕಾರರು ಜೇಬಿನಿಂದ ಕರಾರುಪತ್ರ ತೆಗೆದು ಅಲ್ಲೇ ಹರಿದುಹಾಕಿದರು.

ತುಂಗಮ್ಮ ಚಾಪೆ ಹಾಸಿದಳು. "ಕೂತ್ಕೊಳ್ಳಿ. ನಿಮ್ಮ ಕಾರ್ಖಾನೆ ಎದುರಿನ ಪುಡಿ ಅಂಗಡಿಯವರೂ ಅಳತೆ ಕೇಳ್ತಾನೇ ಇದ್ರು. ಅವರನ್ನೂ ಕರೆಸ್ತೀನಿ, ಇಬ್ಬರಿಗೂ ಒಟ್ಟಿಗೇ ಹೇಳಿಬಿಡ್ತೀನಿ."