ಐವತ್ತನಾಲ್ಕನೆಯ ಗುಣಾಂಕ

“ಗುರುಗಳೇ, ಫೂರಿಯರ್ ಗುಣಾಂಕಗಳನ್ನು ತಂತ್ರಾಂಶ ಒಂದು ಕ್ಷಣದಲ್ಲಿ ತೆಗೆದುಕೊಡುತ್ತದೆ. ನಾವು ಕೂತು ಕೈಯಲ್ಲಿ ಯಾಕೆ ಬಿಡಿಸಬೇಕು?” ಎಂದು ಅಮರೇಶ ಕೇಳಿದ.

ಪಾಲಿಟೆಕ್ನಿಕ್ಕಿನ ವೀರಭದ್ರಪ್ಪ ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. “ಬಿಡಿಸಬೇಡಪ್ಪ, ಕೈ ನೋಯುತ್ತದೆ. ಕತೆಯನ್ನಾದರೂ ಕೇಳು” ಎಂದು ಶುರುಮಾಡಿದರು.

ಸಿಂಧನೂರಿನ ಕಡೆ ಒಬ್ಬ ಸಾಹುಕಾರನ ಅಕ್ಕಿ ಗಿರಣಿ ಇತ್ತು. ಅದರಲ್ಲಿ ಭತ್ತ ಸುಲಿಯುವ ಯಂತ್ರ ಒಂದು, ಹೊಟ್ಟು ಹಾರಿಸುವ ಫ್ಯಾನು ಒಂದು. ಯಂತ್ರ ಸೆಕೆಂಡಿಗೆ ಹತ್ತು ಸುತ್ತು ತಿರುಗುತ್ತಿತ್ತು, ಫ್ಯಾನು ಐವತ್ತನಾಲ್ಕು. ಫ್ಯಾನನ್ನು ಹನ್ನೊಂದು ವರ್ಷದಿಂದ ಹುಲಿಗೆವ್ವ ಎಂಬ ಹೆಂಗಸು ನೋಡಿಕೊಳ್ಳುತ್ತಿದ್ದಳು. ಅದಕ್ಕೆ ಗ್ರೀಸು ಹಾಕದೆ ಅವಳು ಒಂದು ದಿನವೂ ಬುತ್ತಿ ಬಿಚ್ಚಿದವಳಲ್ಲ.

ಒಮ್ಮೆ ಗಿರಣಿಯ ನೆಲ ಅದುರತೊಡಗಿತು. ಸಾಹುಕಾರ ಒಬ್ಬ ಪರೀಕ್ಷಕನನ್ನು ಕರೆಸಿದ. ಅವನು ಅದುರುವಿಕೆಯನ್ನು ಒಂದು ಸೆಕೆಂಡಿನಲ್ಲಿ ಅರವತ್ತನಾಲ್ಕು ಸಲ ಅಳೆದು ಲ್ಯಾಪ್‌ಟಾಪಿಗೆ ಹಾಕಿದ. ತಂತ್ರಾಂಶ ಅರವತ್ತನಾಲ್ಕು ಗುಣಾಂಕ ಕೊಟ್ಟಿತು. ಸೆಕೆಂಡಿಗೆ ಇಷ್ಟು ಸಲದ ಅದುರು ಎಷ್ಟು ಜೋರು ಎಂದು ಒಂದೊಂದೂ ಹೇಳುತ್ತದೆ ಎಂಬುದು ಅವನ ಲೆಕ್ಕ. ಸೊನ್ನೆಯಿಂದ ಎಣಿಸಿದರೆ ಹತ್ತನೆಯದು ಎದ್ದು ನಿಂತಿತ್ತು. ಐವತ್ತನಾಲ್ಕನೆಯದೂ ಅಷ್ಟೇ ಎತ್ತರ. ಎರಡೂ ಕೆಟ್ಟಿವೆ ಎಂದ ಪರೀಕ್ಷಕ. ಯಂತ್ರದಲ್ಲಿ ಭತ್ತ ಉಜ್ಜುವ ರಬ್ಬರ್ ರೋಲು ಸವೆಯುವುದು ಸಹಜ, ಆದರೆ ಫ್ಯಾನು ಕೆಟ್ಟದ್ದು ನೋಡಿಕೊಳ್ಳುವವಳ ಅಲಕ್ಷ್ಯದಿಂದ ಎಂದು ವರದಿ ಬರೆದ.

“ಫ್ಯಾನು ಬಂದ್ ಮಾಡಿ ಒಮ್ಮೆ ಅಳೆದು ನೋಡ್ರಿ, ಸಾಹೇಬ್ರ” ಎಂದಳು ಹುಲಿಗೆವ್ವ.

“ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ?” ಎಂದು ಅವನು ಪರದೆಯ ಮೇಲಿನ ಎರಡು ಗೆರೆ ತೋರಿಸಿದ.

ಸಾಹುಕಾರನಿಗೆ ಗೆರೆಯೂ ತಿಳಿಯದು, ಗುಣಾಂಕವೂ ತಿಳಿಯದು. ಓದಿದವನು ಹೇಳಿದನೆಂದು ಆ ವಾರವೇ ಅವಳನ್ನು ಕೆಲಸದಿಂದ ಬಿಡಿಸಿದ. ಹನ್ನೊಂದು ವರ್ಷ ದುಡಿದವಳು ಅಳುತ್ತ ಹೋದಳು. ನನಗೆ ಆ ಸಾಹುಕಾರನ ಮೇಲೂ ಸಿಟ್ಟಿದೆ, ಇರಲಿ.

ಫ್ಯಾನನ್ನು ಬಿಚ್ಚಿ ರಿಪೇರಿಗೆ ಕಳಿಸಿದರು. ಯಂತ್ರಕ್ಕೆ ಹೊಸ ರೋಲು ಬರುವುದು ತಡವಾಯಿತು. ಈ ನಡುವೆ ಪರೀಕ್ಷಕ ಬಂದು ಮತ್ತೆ ಅಳೆದ. ಹತ್ತನೆಯ ಗುಣಾಂಕ ಹಾಗೇ ಇತ್ತು. ಐವತ್ತನಾಲ್ಕನೆಯದೂ ಹಾಗೇ ಇತ್ತು, ಕೂದಲಷ್ಟೂ ಕುಗ್ಗಿರಲಿಲ್ಲ. ಫ್ಯಾನು ಮಾತ್ರ ಗಿರಣಿಯಲ್ಲೇ ಇರಲಿಲ್ಲ.

ಆಗ ಅವನು ಪುಸ್ತಕ ತೆರೆದ. ಇಂಥ ಅಳತೆಗಳಲ್ಲಿ ಅರ್ಧ ದಾಟಿದ ಗುಣಾಂಕಗಳೆಲ್ಲ ಮೊದಲರ್ಧದ ಪ್ರತಿಬಿಂಬ ಎಂದು ಮೊದಲ ಅಧ್ಯಾಯದಲ್ಲೇ ಬರೆದಿತ್ತು. ಅರವತ್ತನಾಲ್ಕರಲ್ಲಿ ಹತ್ತು ಕಳೆದರೆ ಐವತ್ತನಾಲ್ಕು. ಅವನು ನೋಡಿದ್ದು ಫ್ಯಾನನ್ನಲ್ಲ, ಸುಲಿಯುವ ಯಂತ್ರವನ್ನೇ ಎರಡು ಸಲ. ಎಂಟೇ ಅಳತೆ ಇಟ್ಟುಕೊಂಡು ಒಮ್ಮೆ ಕೈಯಲ್ಲಿ ಬಿಡಿಸಿದ್ದರೂ ಇದು ಗೊತ್ತಾಗುತ್ತಿತ್ತು. ರೋಲು ಬದಲಾಯಿಸಿದ ದಿನ ಎರಡು ಗೆರೆಗಳೂ ಒಟ್ಟಿಗೇ ಮಲಗಿದವು.

ಸಾಹುಕಾರ ಹುಲಿಗೆವ್ವನಿಗೆ ಹೇಳಿಕಳಿಸಿದ. ಅವಳು ಅಷ್ಟರಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗುಳೆ ಹೋಗಿದ್ದಳು. ಯಾವ ಊರಿಗೆ ಎಂದು ಓಣಿಯವರಿಗೂ ತಿಳಿದಿರಲಿಲ್ಲ.

“ಹಾಗಾದರೆ ತಂತ್ರಾಂಶದ ಲೆಕ್ಕ ತಪ್ಪಿತ್ತೇ?” ಎಂದು ಅಮರೇಶ ಕೇಳಿದ.

“ಅರವತ್ತನಾಲ್ಕರಲ್ಲಿ ಒಂದೂ ತಪ್ಪಿರಲಿಲ್ಲ; ಹುಲಿಗೆವ್ವನ ಮನೆಗೆ ಮಾತ್ರ ಬೀಗ ಬಿತ್ತು” ಎಂದರು ಮೇಷ್ಟ್ರು.