ಸಂದು ಬಿಡದ ಹಳಿ

“ಕೇಳ್ರಪ್ಪೋ ಕೇಳಿ! ಮಹಾರಾಜರ ಮೂರು ಒಗಟು ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ಅರ್ಧ ರಾಜ್ಯವಾದರೂ ಸರಿ. ಒಂದು ತಪ್ಪಿದರೂ ತಲೆ ಹೋಗುತ್ತದೆ!”

ಡಂಗುರ ಕೇಳಿ ಕಂಚುಗಾರರ ಕೇರಿಯ ಕಾಳಪ್ಪ ಅರಮನೆಗೆ ಹೊರಟ. ಅರ್ಧ ರಾಜ್ಯ ಕಟ್ಟಿಕೊಂಡು ಅವನಿಗೇನಾಗಬೇಕಿತ್ತು? ಅವನ ಅಣ್ಣ ಮೋನಪ್ಪ ಸೆರೆಮನೆಯಲ್ಲಿದ್ದ. ಅಮಾವಾಸ್ಯೆಗೆ ಗಲ್ಲು.

ಮೋನಪ್ಪ ಮಾಡಿದ ಪಾಪವಾದರೂ ಏನು ಅಂತೀರಿ? ಎಳೆಯ ಯುವರಾಜನಿಗೆ ಆಟದ ರೈಲೊಂದಿತ್ತು. ಅದು ಓಡಲೆಂದು ಹಿತ್ತಾಳೆ ಪಟ್ಟಿ ಬಡಿದು, ಹುಣಸೆಮರದ ಅಡ್ಡತುಂಡುಗಳ ಮೇಲೆ ಕೂರಿಸಿ, ಅರಮನೆಯ ತೋಟದ ಕೊಳದ ಸುತ್ತ ಹಳಿ ಹಾಕಿಕೊಟ್ಟಿದ್ದ. ಸುಡು ಮಧ್ಯಾಹ್ನ ಹಳಿ ಸೊಟ್ಟಗಾಗಿ ರೈಲು ಕೊಳಕ್ಕೆ ಬಿತ್ತು. ಹಿಡಿಯಲು ಬಗ್ಗಿದ ಮಗುವೂ ಬಿತ್ತು, ಮತ್ತೆ ಏಳಲಿಲ್ಲ. ಅಯ್ಯೋ, ಆ ರಾಜನ ಸಂಕಟ ಶತ್ರುವಿಗೂ ಬೇಡ.

ಸಭೆಯಲ್ಲಿ ಕಾಳಪ್ಪನಿಗಿಂತ ಮುಂದೆ ನಿಂತವರೆಲ್ಲ ರಾಜ್ಯದ ಆಸೆಗೆ ಬಂದವರು. ರಾಜ ತಲೆಯೆತ್ತದೆ ಕೇಳಿದ: “ಅಕ್ಕತಂಗಿಯರಿಬ್ಬರು ಮಲಗಿಕೊಂಡೇ ಹೊರೆ ಹೊರುತ್ತಾರೆ. ಜೊತೆಗೇ ಸಾಗುತ್ತಾರೆ, ಒಬ್ಬರನ್ನೊಬ್ಬರು ಮುಟ್ಟುವುದಿಲ್ಲ. ಯಾರವರು?”

“ಹೊಳೆಯ ದಡಗಳು!” ಅಂದ ಕುದುರೆ ವ್ಯಾಪಾರಿ, ಮೀಸೆ ತಿರುವುತ್ತಾ.

“ದಡ ಹೊರುವ ಹೊರೆ ಯಾವುದಯ್ಯಾ?”

ಭಟರು ವ್ಯಾಪಾರಿಯನ್ನು ಎಳೆದೊಯ್ದರು.

ಆಮೇಲೆ ಬಂದ ಜಟ್ಟಿ, “ರೈಲುಕಂಬಿ” ಎಂದು ಮೊದಲನೆಯದನ್ನು ಗೆದ್ದ. ರಾಜ ಎರಡನೆಯದನ್ನು ಕೇಳಿದ: “ಅದು ಬರೀ ಖಾಲಿ, ಆದರೂ ಕಾಪಾಡುತ್ತದೆ. ಚಳಿಗೆ ಅಗಲ, ಬಿಸಿಲಿಗೆ ಕಿರಿದು.”

“ನೆರಳು!”

“ಚಳಿಯಲ್ಲಿ ನೆರಳು ಯಾರನ್ನು ಕಾಪಾಡುತ್ತದೆ?” ಜಟ್ಟಿಯೂ ಹೋದ. ಉಳಿದವರೆಲ್ಲ ಸದ್ದಿಲ್ಲದೆ ಕಂಬಿ ಕಿತ್ತರು.

ಕಾಳಪ್ಪ ಮುಂದೆ ಬಂದ. ಅಣ್ಣ ಉಳಿಯುತ್ತಾನೆಂಬ ಆಸೆ ಅವನಿಗೇ ಇರಲಿಲ್ಲ. “ಮೊದಲನೆಯದು ಕಂಬಿಯೇ, ಬುದ್ಧಿ. ಎರಡನೆಯದು, ಕಂಬಿಗೆ ಕಂಬಿ ಸೇರುವಲ್ಲಿ ಬಿಡುವ ಸಂದು. ಬಿಸಿಲಿಗೆ ಹಿತ್ತಾಳೆ ಹಿಗ್ಗುತ್ತದೆ. ಹಿಗ್ಗಲು ಜಾಗವಿಲ್ಲದಿದ್ದರೆ ಸೊಟ್ಟಗಾಗುತ್ತದೆ.”

ರಾಜನ ಮುಖ ಬಿಳಿಚಿತು. ಮೂರನೆಯದನ್ನು ಪಿಸುಗುಟ್ಟಿದ: “ಒಂದೇ ಮಾತು. ನೆಲದ ಮೇಲಿಟ್ಟರೆ ದಾರಿ, ನಾಲಿಗೆಯ ಮೇಲಿಟ್ಟರೆ ಗಾಯ.”

ಉತ್ತರ ಕಾಳಪ್ಪನಿಗೆ ಹೊಳೆಯಿತು. ಬಿಡಿಸಿ ಹೇಳಿದರೆ ರಾಜನ ಕೋಪಕ್ಕೆ ತನ್ನ ತಲೆ ಹೋದೀತು. ಹೇಳದಿದ್ದರೆ ತನ್ನದರ ಜೊತೆಗೆ ಅಣ್ಣನ ತಲೆಯೂ. ಹಾಳಾಗಿ ಹೋಗಲಿ ಎಂದು ಬಾಯಿಬಿಟ್ಟ.

“ಹಳಿ, ಬುದ್ಧಿ. ನೆಲಕ್ಕೆ ಹಾಕಿದರೆ ರೈಲಿಗೆ ದಾರಿ. ನಾಲಿಗೆಗೆ ಬಂದರೆ ಇನ್ನೊಬ್ಬರನ್ನು ಹಳಿಯುವುದು. ನಮ್ಮಣ್ಣ ಸಂದು ಬಿಟ್ಟಿದ್ದ. ‘ನನ್ನ ತೋಟದಲ್ಲಿ ಇಂಥ ಹರಕು ಕೆಲಸವೇ? ಬೆಸೆದುಬಿಡು’ ಅಂತ ಅಪ್ಪಣೆ ಮಾಡಿದವರು ತಾವು. ಈಗ ಅವನನ್ನು ಹಳಿಯುತ್ತಿರುವವರೂ ತಾವೇ.”

ರಾಜ ಸಿಂಹಾಸನದಿಂದಿಳಿದು ನೆಲದ ಮೇಲೆ ಕೂತುಬಿಟ್ಟ.

“ಗೊತ್ತಿತ್ತು ಕಣಯ್ಯಾ. ನನ್ನ ಮಗುವನ್ನು ಕೊಂದವನು ನಾನೇ ಅಂತ ಗೊತ್ತಿತ್ತು. ಹೇಳಿಕೊಳ್ಳುವ ಧೈರ್ಯ ಇರಲಿಲ್ಲ, ಯಾರಾದರೂ ಹೇಳಲಿ ಅಂತ ಒಗಟು ಕಟ್ಟಿದೆ. ಎಷ್ಟು ಜನರನ್ನು ಬಲಿಕೊಟ್ಟೆ!” ಅವನು ಬಿಕ್ಕಿದ. “ಏನು ಬೇಕು, ಕೇಳು.”

“ನಮ್ಮಣ್ಣ ಬೇಕು, ಬುದ್ಧಿ.”

ಭಟರು ಸೆರೆಮನೆಯ ಬೀಗ ತೆಗೆದರು. ಕಾಳಪ್ಪ ಒಳಗೆ ಕಾಲಿಟ್ಟದ್ದೇ ತಡ, ಮೂಲೆಯಲ್ಲಿದ್ದ ಮೋನಪ್ಪ ಎದೆ ಬಡಿದುಕೊಂಡು ಅಳತೊಡಗಿದ.

“ಅಯ್ಯೋ ತಮ್ಮಾ, ನಿನ್ನನ್ನೂ ಹಿಡಿದು ತಂದರೇನೋ!”

ಕಾಳಪ್ಪ ಅಣ್ಣನ ಕೈ ಹಿಡಿದು ಎಬ್ಬಿಸಿದ. “ಇಲ್ಲಣ್ಣ, ಮನೆಗೆ ಹೋಗೋಣ,” ಅಂದ.