ಕೊಕ್ಕರೆ ಕೊಟ್ಟ ಸೇತುವೆ

ಹಳ್ಳಕ್ಕೆ ಅಡ್ಡ ಬಿದ್ದಿದ್ದ ಈಚಲ ದಿಮ್ಮಿಯ ಮೇಲೆ ದಾಟಿ ಮುಳ್ಳುಹಂದಿ ದಿನಾ ಆಚೆ ದಡದ ಗೆಣಸು ತಿಂದು ಬರುತ್ತಿತ್ತು. ಅದಕ್ಕೀಗ ಕಲ್ಲಿನ ಸೇತುವೆಯ ಆಸೆ ಹುಟ್ಟಿತು. ಸರ್ಕಾರದ ಅನುದಾನ ಹಂಚಲು ಬಂದ ಕೊಕ್ಕರೆಗೆ ಕೈಮುಗಿಯಿತು.

“ಸೇತುವೆ ಇಲ್ಲದ ಕಡೆಗೆ ಮಾತ್ರ ಅನುದಾನ,” ಎಂದಿತು ಕೊಕ್ಕರೆ. “ನಿಮಗೆ ದಿಮ್ಮಿ ಇದೆಯಲ್ಲ?”

“ಯಾವ ದಿಮ್ಮಿ ಸ್ವಾಮಿ?” ಎನ್ನುತ್ತ ಮುಳ್ಳುಹಂದಿ ತನ್ನ ಬಳಗದಿಂದ ಅದನ್ನು ನೀರಿಗೆ ತಳ್ಳಿಸಿ, ಕೊಕ್ಕರೆಗೆ ಜೈಕಾರ ಹಾಕಿಸಿತು.

ಮಳೆಗಾಲ ಕಳೆದ ಮೇಲೆ ಕೊಕ್ಕರೆ ತನಿಖೆಗೆ ಬಂದು, ಬೆಳಗಿನಿಂದ ಸಂಜೆಯವರೆಗೆ ಒಂಟಿಕಾಲಲ್ಲಿ ನಿಂತು ನೋಡಿತು.

“ಇಲ್ಲಿ ದಾಟುವವರೇ ಇಲ್ಲ. ಸೇತುವೆ ಯಾರಿಗೆ?”

“ಸೇತುವೆ ಇದ್ದರೆ ತಾನೆ ಸ್ವಾಮಿ ದಾಟೋದು?” ಎಂದು ಬಡಕಲಾಗಿದ್ದ ಮುಳ್ಳುಹಂದಿ ಅಂಗಲಾಚಿತು.

“ಎಲ್ಲದಕ್ಕೂ ಸರ್ಕಾರವನ್ನೇ ನಂಬಿ ಕೂತರೆ ಹೇಗೆ? ನಾನು ದಾಟುತ್ತಿಲ್ಲವೇ?” ಎಂದು ಗದರಿದ ಕೊಕ್ಕರೆ, ರೆಕ್ಕೆ ಬಿಚ್ಚಿ ಆಚೆ ದಡಕ್ಕೆ ಹಾರಿತು.